12 ನಾಟಿಕಲ್ ಮೈಲಿನ ಆಚೆ ಯಾರ ಕಡಲು?

(ಮಂಗಳೂರಿನಲ್ಲಿ ಕಾನೂನು ವಿದ್ಯಾರ್ಥಿಗಳೂ ಊರಿನ ಆಸಕ್ತರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಸಂವಿಧಾನದ ಬಗ್ಗೆ ಮಾತಾಡಿ ಎಂದು ಕರೆದರೆ ಪೀಠಿಕೆಯಿಂದ ಹೊರಡುವುದು ರೂಢಿ. ನಾನು ಇವತ್ತು ಮಲ್ಪೆಯ ದಕ್ಕೆಯಿಂದ ಹೊರಡುತ್ತೇನೆ.

ಆಗಸ್ಟಿನ ಮೊದಲ ದಿನಗಳು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ರಜೆ ಮುಗಿದಿದೆ. ಬಲೆ ರಿಪೇರಿ ಆಗಿದೆ, ಐಸು ತುಂಬಿಸಿ ಆಗಿದೆ. ಬೋಟು ಅಳಿವೆ ದಾಟಿ ಪಡುವಣಕ್ಕೆ ತಿರುಗುತ್ತದೆ. ದಡ ಬಿಟ್ಟು 12 ನಾಟಿಕಲ್ ಮೈಲು, ಅಂದರೆ 22 ಕಿಲೋಮೀಟರಿಗಿಂತ ತುಸು ಹೆಚ್ಚು ಹೋಗುವಷ್ಟರಲ್ಲಿ ಒಂದು ಗೆರೆ ಬರುತ್ತದೆ. ನೀರಿನ ಮೇಲೆ ಅದು ಕಾಣುವುದಿಲ್ಲ. ಬಂಗುಡೆಗೂ ಬೂತಾಯಿಗೂ ಅದರ ಗೊಡವೆಯಿಲ್ಲ. ಆದರೆ ಸಂವಿಧಾನ ಕೇಂದ್ರಕ್ಕೂ ರಾಜ್ಯಗಳಿಗೂ ಅಧಿಕಾರ ಹಂಚಿದ ಪಟ್ಟಿಗಳಲ್ಲಿ, ಆ ಗೆರೆಯ ಈಚೆ ಮೀನುಗಾರಿಕೆ ರಾಜ್ಯ ಪಟ್ಟಿಯ 21ನೇ ನಮೂದು, ಆಚೆ ಕೇಂದ್ರ ಪಟ್ಟಿಯ 57ನೇ ನಮೂದು. ಈಚೆ ನಡೆಯುವುದು ಕರ್ನಾಟಕದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಆಚೆ 200 ಮೈಲಿನವರೆಗೆ ನಡೆಯುವುದು ದೆಹಲಿಯ ಮಾತು. ಮಳೆಗಾಲದ ರಜೆ ಎರಡೂ ಕಡೆ ಒಂದೇ ದಿನ ಶುರುವಾಗಿ ಒಂದೇ ದಿನ ಮುಗಿಯುತ್ತದೆ, ನಿಜ. ಆದರೆ ಅದಕ್ಕೆ ಎರಡು ಸರ್ಕಾರಗಳು ಎರಡು ಆದೇಶ ಹೊರಡಿಸಬೇಕು.

ಲೈಟ್ ಫಿಶಿಂಗಿನ ಜಗಳ ಇಲ್ಲಿರುವ ಹಲವರಿಗೆ ನೆನಪಿರಬಹುದು. ಒಂದು ಕಡೆ ನಾಡದೋಣಿಯವರು, ಇನ್ನೊಂದು ಕಡೆ ಪ್ರಖರ ದೀಪ ಹಾಕಿ ಮೀನನ್ನು ಒಟ್ಟುಗೂಡಿಸಿ ಹಿಡಿಯುವ ದೊಡ್ಡ ಬೋಟಿನವರು. ರಾಜ್ಯ ಸರ್ಕಾರ ತನ್ನ 12 ಮೈಲಿನೊಳಗೆ ಎಷ್ಟು ಬಿಗಿ ಮಾಡಿದರೂ ಆಚೆ ಹೋಗಿ ದೀಪ ಹಚ್ಚುವವರನ್ನು ತಡೆಯಲು 2017ರ ನವೆಂಬರಿನಲ್ಲಿ ಕೇಂದ್ರದ ಆದೇಶವೇ ಬರಬೇಕಾಯಿತು. ಇನ್ನು ಅದೇ ಬೋಟಿನ ಟ್ಯಾಂಕಿಗೆ ಇಣುಕಿ ನೋಡಿ. ಡೀಸೆಲಿನ ಮೇಲೆ ಕೇಂದ್ರದ ಅಬಕಾರಿ ಸುಂಕ ಉಂಟು, ರಾಜ್ಯದ ಮಾರಾಟ ತೆರಿಗೆಯೂ ಉಂಟು. ಮೀನುಗಾರರಿಗೆ ಸಿಗುವ ‘ಕರರಹಿತ ಡೀಸೆಲ್’ ಎಂದರೆ ರಾಜ್ಯ ತಾನಾಗಿ ಬಿಟ್ಟುಕೊಟ್ಟ ತೆರಿಗೆ. 2017ರಲ್ಲಿ ಜಿಎಸ್‌ಟಿ ಬಂದಾಗ ಡೀಸೆಲ್ ಅದರ ಹೊರಗೆ ಉಳಿಯಿತು. ಹಾಗಾಗಿ ಆ ತೆರಿಗೆ ಬಿಡುವ ಅಧಿಕಾರ ಬೆಂಗಳೂರಿನಲ್ಲೇ ಉಳಿಯಿತು.

ಮಂಗಳೂರಿನವರು ಇದನ್ನು ನೋಡಲು ಬೋಟು ಹತ್ತುವುದೂ ಬೇಡ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾದದ್ದು, ಕೇಂದ್ರದ್ದು. ಅಲ್ಲಿಂದ ತೆಂಕಿಗೆ, ನೇತ್ರಾವತಿಯೂ ಗುರುಪುರ ಹೊಳೆಯೂ ಕಡಲು ಸೇರುವಲ್ಲಿ, ಲಕ್ಷದ್ವೀಪಕ್ಕೆ ಮಂಜಿ ಹಡಗುಗಳು ಸಾಮಾನು ಹೇರಿಕೊಂಡು ಹೋಗುವ ಹಳೆ ಬಂದರು ರಾಜ್ಯದ್ದು. ಎರಡರ ನಡುವಿನ ಹೆದ್ದಾರಿ 66 ಕೇಂದ್ರದ್ದು, ಅದರಿಂದ ಇಳಿಯುವ ಊರ ರಸ್ತೆ ರಾಜ್ಯದ್ದು, ಆ ರಸ್ತೆಯ ಬದಿಯ ಚರಂಡಿ ನಗರಪಾಲಿಕೆಯದ್ದು.

ಈ ಹಂಚಿಕೆಯನ್ನು ಕೆಲಸ ಸಲೀಸಾಗಲೆಂದು ಮಾಡಿಕೊಂಡ ಏರ್ಪಾಡು ಎಂದುಕೊಂಡರೆ ಮುಖ್ಯವಾದದ್ದು ಕೈತಪ್ಪುತ್ತದೆ. 1997ರಲ್ಲಿ ದಕ್ಷಿಣ ಕನ್ನಡವನ್ನು ಒಡೆದು ಉಡುಪಿ ಜಿಲ್ಲೆ ಮಾಡಿದರು. ಅದು ಏರ್ಪಾಡು. ಉಡುಪಿಯ ಜಿಲ್ಲಾಧಿಕಾರಿಗೆ ಅಧಿಕಾರ ಕೊಟ್ಟದ್ದು ಬೆಂಗಳೂರು, ಬೇಕೆಂದರೆ ನಾಳೆ ಅದೇ ಬೆಂಗಳೂರು ಹಿಂದಕ್ಕೆ ತೆಗೆದುಕೊಳ್ಳಬಹುದು. ಆದರೆ ಪೊಲೀಸು, ಭೂಮಿ, ಆಸ್ಪತ್ರೆ, 12 ಮೈಲಿನೊಳಗಿನ ಮೀನು, ಇವನ್ನು ಕರ್ನಾಟಕಕ್ಕೆ ಕೊಟ್ಟದ್ದು ದೆಹಲಿಯಲ್ಲ. ದೆಹಲಿಗೆ ಅಧಿಕಾರ ಬಂದದ್ದು ಯಾವ ಪುಸ್ತಕದಿಂದಲೋ ಬೆಂಗಳೂರಿಗೂ ಅದೇ ಪುಸ್ತಕದಿಂದ ಬಂತು. ಪಟ್ಟಿಗಳನ್ನು ಬದಲಿಸಬೇಕಾದರೆ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಬಂದರೂ ಸಾಲದು, ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳು ಒಪ್ಪಬೇಕು. 368ನೇ ವಿಧಿ ಹಾಗೆ ಹೇಳುತ್ತದೆ. ಕೊಟ್ಟವನು ತಾನಲ್ಲದ್ದನ್ನು ತಾನೊಬ್ಬನೇ ಕಿತ್ತುಕೊಳ್ಳುವಂತಿಲ್ಲ.

ಈ ಹಂಚಿಕೆಯ ಮೊದಲ ಕರಡು ಸಿದ್ಧಮಾಡಿದವರು ನಮ್ಮೂರಿನವರು. ಬೆನಗಲ್ ನರಸಿಂಗ ರಾವ್ 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಇಲ್ಲಿಯ ಕೆನರಾ ಹೈಸ್ಕೂಲಿನಲ್ಲಿ ಓದಿದವರು. 1946ರಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ, ಸಂಬಳ ಪಡೆಯದೆ ದುಡಿದರು. 1947ರ ಅಕ್ಟೋಬರಿನಲ್ಲಿ ಅವರು ಒಪ್ಪಿಸಿದ ಕರಡಿನಲ್ಲಿ 243 ವಿಧಿಗಳಿದ್ದವು. ಅದನ್ನು ಎದುರಿಗಿಟ್ಟುಕೊಂಡು ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ಕೆಲಸ ಮಾಡಿತು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ತಮಗೆ ಸಲ್ಲಿಸಿದ ಶ್ರೇಯದಲ್ಲಿ ಒಂದು ಪಾಲು ರಾವ್ ಅವರದು ಎಂದು ಸಭೆಯ ಮುಂದೆಯೇ ಹೇಳಿದರು. ಈ ಊರಿನ ಎಷ್ಟೋ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ. ನನಗೆ ಅದು ಬಹಳ ಬೇಸರದ ಸಂಗತಿ.

ರಾವ್ ಕೆಲಸ ಹಿಡಿದ ಹೊತ್ತಿಗೆ ಇದ್ದ ಯೋಚನೆ ಬೇರೆ. 1946ರ ಡಿಸೆಂಬರ್ 13ರಂದು ನೆಹರೂ ಮಂಡಿಸಿದ ಧ್ಯೇಯ ನಿರ್ಣಯದಲ್ಲಿ, ಕೇಂದ್ರಕ್ಕೆಂದು ಗುರುತಿಸಿ ಕೊಟ್ಟದ್ದನ್ನು ಬಿಟ್ಟು ಉಳಿದ ಅಧಿಕಾರವೆಲ್ಲ ಪ್ರಾಂತಗಳಿಗೆ ಎಂದಿತ್ತು. ಆರು ತಿಂಗಳೂ ಕಳೆಯಲಿಲ್ಲ, 1947ರ ಜೂನ್ 3ರಂದು ದೇಶ ಒಡೆಯುವುದು ನಿಶ್ಚಯವಾಯಿತು. ಅದರ ಬೆನ್ನಿಗೇ ಗಟ್ಟಿ ಕೇಂದ್ರ ಬೇಕೆಂಬ ತೀರ್ಮಾನವಾಯಿತು. ಅಂದಿನ ರಕ್ತಪಾತವನ್ನು ಕಣ್ಣಾರೆ ಕಂಡವರು ಹಾಗೆ ಯೋಚಿಸಿದ್ದನ್ನು ನಾನು ತಪ್ಪೆನ್ನಲಾರೆ. ಬ್ರಿಟಿಷರ 1935ರ ಕಾಯ್ದೆಯಲ್ಲಿದ್ದ ಮೂರು ಪಟ್ಟಿಗಳು ಉಳಿದವು. ಆಗ ಕೇಂದ್ರಕ್ಕೆ 97 ನಮೂದು, ರಾಜ್ಯಕ್ಕೆ 66, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿ 47. ಯಾವ ಪಟ್ಟಿಯಲ್ಲೂ ಇಲ್ಲದ್ದು ಅಮೆರಿಕದಲ್ಲಿ ರಾಜ್ಯಗಳಿಗೆ ಸಲ್ಲುತ್ತದೆ. ನಾವು ಕೆನಡಾದವರಂತೆ ಅದನ್ನು ಕೇಂದ್ರಕ್ಕೆ ಕೊಟ್ಟೆವು.

ಇಲ್ಲಿ ನಮ್ಮ ಭಾಷೆಯ ಒಂದು ಮಾತು. ಮೊದಲನೇ ವಿಧಿಯನ್ನು ಕನ್ನಡದಲ್ಲಿ ‘ರಾಜ್ಯಗಳ ಒಕ್ಕೂಟ’ ಎಂದು ಓದುತ್ತೇವೆ, ಪಾಠದಲ್ಲಿ ‘ಒಕ್ಕೂಟ ವ್ಯವಸ್ಥೆ’ ಎಂದೂ ಕಲಿಯುತ್ತೇವೆ. ಎರಡಕ್ಕೂ ಒಂದೇ ಪದ. ಆದರೆ ಅಂಬೇಡ್ಕರ್ ‘ಫೆಡರೇಶನ್’ ಎಂಬುದನ್ನು ಬಿಟ್ಟು ‘ಯೂನಿಯನ್’ ಎಂದು ಬೇಕೆಂದೇ ಬರೆಸಿದರು. ರಾಜ್ಯಗಳು ಕರಾರು ಮಾಡಿಕೊಂಡು ಸೇರಿದ್ದಲ್ಲ, ಆದ್ದರಿಂದ ಬಿಟ್ಟು ಹೋಗುವ ಹಕ್ಕೂ ಯಾರಿಗಿಲ್ಲ ಎಂಬುದು ಅವರ ವಿವರಣೆ. ಇಂಗ್ಲಿಷಿನಲ್ಲಿ ಅಷ್ಟೊಂದು ಚರ್ಚೆಯಾದ ಭೇದ ಕನ್ನಡದಲ್ಲಿ ಅಳಿಸಿಹೋಗಿದೆ. ‘ಒಕ್ಕೂಟ’ ಎಂದು ಕೇಳಿದೊಡನೆ ರಾಜ್ಯಗಳೇ ಕೂಡಿ ಕಟ್ಟಿದ್ದು ಎಂಬ ಭಾವನೆ ಬರುತ್ತದೆ. ಪುಸ್ತಕ ಹಾಗೆ ಹೇಳುವುದಿಲ್ಲ.

ಪುಸ್ತಕ ಏನು ಹೇಳುತ್ತದೆ ಎಂಬುದನ್ನು ಈ ಕರಾವಳಿ 1956ರ ನವೆಂಬರ್ 1ರಂದು ಕಲಿಯಿತು. ಅಲ್ಲಿಯವರೆಗೆ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. ಆ ದಿನ ನಾವು ಮೈಸೂರಿಗೆ ಬಂದೆವು, ಕಾಸರಗೋಡು ಕೇರಳಕ್ಕೆ ಹೋಯಿತು. ಒಂದೇ ಮನೆಯ ಅಣ್ಣ ಒಂದು ರಾಜ್ಯ, ತಂಗಿಯನ್ನು ಕೊಟ್ಟ ಮನೆ ಇನ್ನೊಂದು ರಾಜ್ಯ. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರಿಗೆ ಸೇರಬೇಕೆಂದು ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಆ ನೋವನ್ನು ಎದೆಯಲ್ಲಿಟ್ಟುಕೊಂಡೇ ಬದುಕಿ ಮುಗಿಸಿದರು.

3ನೇ ವಿಧಿಯ ಪ್ರಕಾರ ಸಂಸತ್ತು ಸಾದಾ ಬಹುಮತದಿಂದ ಯಾವ ರಾಜ್ಯದ ಗಡಿಯನ್ನೂ ತಿದ್ದಬಹುದು, ಹೆಸರನ್ನೂ ಬದಲಿಸಬಹುದು. ಆ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು. ಕೇಳಿದರೆ ಸಾಕು, ಒಪ್ಪಬೇಕೆಂದಿಲ್ಲ. 2014ರಲ್ಲಿ ಆಂಧ್ರದ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿತು, ತೆಲಂಗಾಣ ಆಗಿಯೇ ಆಯಿತು. ಒಂದು ಪಟ್ಟಿಯ ಒಂದು ನಮೂದನ್ನು ಬದಲಿಸಲು ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಬೇಕು, ಒಂದು ರಾಜ್ಯವನ್ನೇ ಎರಡಾಗಿ ಸೀಳಲು ಆ ರಾಜ್ಯದ ಒಪ್ಪಿಗೆ ಬೇಡ. ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಓದುವಾಗಲೆಲ್ಲ ನಾನು ತಡೆದು ನಿಲ್ಲುತ್ತೇನೆ.

ಈಗ ಕಾಸರಗೋಡಿನ ಇನ್ನೊಂದು ಕಥೆ. ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ.

ಕಾಸರಗೋಡು ಪೇಟೆಯಿಂದ ಒಳಕ್ಕೆ ಹೋದರೆ ಎಡನೀರು ಮಠ. ಅಲ್ಲಿಯ ಕೇಶವಾನಂದ ಭಾರತೀ ಸ್ವಾಮೀಜಿ ಯಕ್ಷಗಾನ ಭಾಗವತಿಕೆ ಬಲ್ಲವರಾಗಿದ್ದರು, ಅವರ ಪದ ಕೇಳಿದವರು ಈ ಸಭೆಯಲ್ಲೂ ಇರಬಹುದು. ಕೇರಳದ ಭೂಸುಧಾರಣೆಯಲ್ಲಿ ಮಠದ ಭೂಮಿ ಹೋಗುವುದಿತ್ತು. 1970ರ ಮಾರ್ಚಿನಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಭೂಮಿ ರಾಜ್ಯ ಪಟ್ಟಿಯ ವಿಷಯ. ಗಡಿಯ ಆಚೀಚೆ ಒಂದೇ ಬಗೆಯ ಗೇಣಿ ಪದ್ಧತಿ ಇದ್ದರೂ ಅಲ್ಲಿ ಕೇರಳದ ಕಾನೂನು ಮೊದಲು ಬಂತು, ಇಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ 1974ರಲ್ಲಿ.

ನನ್ನ ಅಜ್ಜ ಚಾಲಗೇಣಿ ಒಕ್ಕಲು. ಧಣಿ ಏಳು ಎಂದರೆ ಏಳಬೇಕಾದ ಗೇಣಿ ಅದು. ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ಬಾಗಿಲಲ್ಲಿ ವರ್ಷಗಟ್ಟಲೆ ಕಾದು, ಎರಡೂವರೆ ಎಕರೆ ಅವರ ಹೆಸರಿಗಾಯಿತು. ನಾನು ಓದಿದ್ದು ಆ ಎರಡೂವರೆ ಎಕರೆಯ ಅಡಿಕೆಯಿಂದ. ಭೂಸುಧಾರಣೆ ನ್ಯಾಯವಾದ ಕಾನೂನು ಎಂಬುದರಲ್ಲಿ ನನಗೆ ಯಾವತ್ತೂ ಸಂಶಯ ಬಂದಿಲ್ಲ. ಹಾಗಿದ್ದೂ ಆ ಕಾನೂನಿನ ವಿರುದ್ಧ ಮಠವೊಂದು ಹಾಕಿದ ಅರ್ಜಿಗೆ ನಾನು ಕೃತಜ್ಞ. ಯಾಕೆಂದರೆ ಮೊಕದ್ದಮೆ ನಡೆಯುತ್ತಿರುವಾಗಲೇ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿಗಳನ್ನು ತಂದಿತು, ಪ್ರಶ್ನೆ ಮಠದ ಗದ್ದೆಯಿಂದ ಎಲ್ಲಿಗೋ ಬೆಳೆಯಿತು. ತಿದ್ದುಪಡಿಯ ಹೆಸರಿನಲ್ಲಿ ಸಂಸತ್ತು ಏನನ್ನು ಬೇಕಾದರೂ ಮಾಡಬಹುದೆ? ಚುನಾವಣೆಯನ್ನೇ ತೆಗೆದುಹಾಕಬಹುದೆ? ರಾಜ್ಯಗಳನ್ನೇ ಇಲ್ಲವಾಗಿಸಬಹುದೆ? 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ ಆಗಿ ತೀರ್ಪು ಬಂತು. ಸಂವಿಧಾನದ ಯಾವ ಭಾಗವನ್ನೂ ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡವುವಂತಿಲ್ಲ. ಮೂಲ ಸಂರಚನೆ ಎಂದರೇನೆಂದು ಮುಖ್ಯ ನ್ಯಾಯಮೂರ್ತಿ ಸಿಕ್ರಿ ಬರೆದುದರಲ್ಲಿ ಒಕ್ಕೂಟ ಸ್ವರೂಪವೂ ಒಂದು.

ಸ್ವಾಮೀಜಿ ಕೇಳಿದ್ದು ಅವರಿಗೆ ಸಿಕ್ಕಿತೆ? ಇಲ್ಲ. ಕೇರಳದ ಭೂ ಕಾನೂನಿಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು. ತನ್ನ ಮೊಕದ್ದಮೆಯಲ್ಲಿ ಸೋತವರ ಹೆಸರು ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯ ಬಾಯಲ್ಲಿ ಉಳಿಯಿತು. ಯಾವ ಜಾಗವನ್ನು ದೆಹಲಿ ಯಾರನ್ನೂ ಒಪ್ಪಿಸಬೇಕಾಗದೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಿಸಿತೋ, ದೆಹಲಿಗೂ ಒಂದು ಮೇರೆ ಉಂಟು ಎಂಬ ಮಾತು ಹೊರಟದ್ದು ಅದೇ ಜಾಗದಿಂದ. 1956ರಲ್ಲಿ ಗೆರೆ ಬೇರೆ ಕಡೆ ಬಿದ್ದಿದ್ದರೆ ಆ ಮೊಕದ್ದಮೆಯ ಹೆಸರಿನ ಕೊನೆಗೆ ‘ಕೇರಳ ರಾಜ್ಯ’ ಎಂದು ಇರುತ್ತಿರಲಿಲ್ಲ. ಬಹುಶಃ ಮೊಕದ್ದಮೆಯೇ ಇರುತ್ತಿರಲಿಲ್ಲ.

ಇದು ಒಬ್ಬರ ಕಥೆಯಲ್ಲ. ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರದನ್ನು ನೋಡಿ. 1989ರ ಏಪ್ರಿಲಿನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದರೆಂದು ರಾಜ್ಯಪಾಲರಿಗೆ ಪತ್ರಗಳು ಹೋದವು. ಕೆಲವರು ಮರುದಿನಗಳಲ್ಲೇ ಮಾತು ಬದಲಿಸಿದರು. ಸದನ ಕರೆಯುತ್ತೇನೆ, ಅಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಹೇಳಿದರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿ ಹೇರಿ ಸರ್ಕಾರವನ್ನು ವಜಾ ಮಾಡಿದರು. ಈ ವಿಧಿ ಬಳಕೆಗೇ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಎಂದು ಅಂಬೇಡ್ಕರ್ 1949ರಲ್ಲಿ ಹಾರೈಸಿದ್ದರು. ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಆ ವಜಾ ಸಂವಿಧಾನಬಾಹಿರವಾಗಿತ್ತು ಎಂದಿತು. ಬಹುಮತ ಉಂಟೋ ಇಲ್ಲವೋ ಎಂಬುದು ರಾಜಭವನದ ಕೋಣೆಯಲ್ಲಿ ಎಣಿಸುವ ಲೆಕ್ಕವಲ್ಲ, ಸದನದಲ್ಲಿ ತೀರ್ಮಾನವಾಗಬೇಕು ಎಂದಿತು. ಆ ಹೊತ್ತಿಗೆ ಐದು ವರ್ಷ ಕಳೆದಿತ್ತು, ಆ ವಿಧಾನಸಭೆಯೇ ಇರಲಿಲ್ಲ, ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಬರಲಿಲ್ಲ. ಆದರೆ 356 ಅಂದಿನಿಂದ ಮೊದಲಿನಷ್ಟು ಸಲೀಸಾದ ಆಯುಧವಾಗಿ ಉಳಿಯಲಿಲ್ಲ.

ನಮ್ಮ ಸಂವಿಧಾನದ ಅಕ್ಷರದಲ್ಲಿ ರಾಜ್ಯಗಳ ಪಾಲು ಅಷ್ಟೇನೂ ಭದ್ರವಾಗಿಲ್ಲ. 3ನೇ ವಿಧಿ, ಯಾವ ಪಟ್ಟಿಯಲ್ಲೂ ಇಲ್ಲದ್ದನ್ನು ಕೇಂದ್ರಕ್ಕೆ ಕೊಡುವ 248, 356, ಎಲ್ಲವೂ ಕೇಂದ್ರದ ಕಡೆಗೇ ವಾಲುತ್ತವೆ. ಅಧಿಕಾರಕ್ಕೆ ಮೇರೆ ಬಿದ್ದದ್ದು, ತಮಗೆ ಲಾಭವಾಗದ ಮೊಕದ್ದಮೆಗಳನ್ನು ಕೊನೆತನಕ ನಡೆಸಿದವರಿಂದ. ಹಂಚಿಕೆಯೇ ಇಲ್ಲದಿದ್ದರೆ ಅವರಿಗೆ ವಾದಿಸಲು ಆಧಾರ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ.

ಗೆದ್ದ ಉದಾಹರಣೆಯೂ ಉಂಟು, ಎಲ್ಲರಿಗೂ ಗೊತ್ತಿರುವುದು. ಕಂಬಳ. ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯ 17ನೇ ನಮೂದು, ಅದರಡಿ ಸಂಸತ್ತಿನ ಕಾಯ್ದೆ ಬಂದದ್ದು 1960ರಲ್ಲಿ. ಜಲ್ಲಿಕಟ್ಟಿನ ವಿರುದ್ಧ 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಅದರ ಬಿಸಿ ಕೋಣ ಓಡುವ ನಮ್ಮ ಕರೆಗಳಿಗೂ ತಟ್ಟಿತು, 2016ರ ಕೊನೆಗೆ ಹೈಕೋರ್ಟಿನ ತಡೆಯಾಜ್ಞೆಯೂ ಆಯಿತು. ಸಮವರ್ತಿ ಪಟ್ಟಿಯಲ್ಲಿ ಇಬ್ಬರ ಕಾನೂನೂ ಡಿಕ್ಕಿಯಾದರೆ ಸಂಸತ್ತಿನದ್ದೇ ನಿಲ್ಲುತ್ತದೆ. ಆದರೆ 254ನೇ ವಿಧಿಯಲ್ಲಿ ಒಂದು ದಾರಿ ಬಿಟ್ಟಿದ್ದಾರೆ. ರಾಜ್ಯ ತನ್ನ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಪಡೆದರೆ ಆ ರಾಜ್ಯದ ಮಟ್ಟಿಗೆ ಅದು ನಿಲ್ಲುತ್ತದೆ. ಕರ್ನಾಟಕ 2017ರಲ್ಲಿ ಆ ದಾರಿ ಹಿಡಿಯಿತು, ಅಂಕಿತ ಸಿಕ್ಕಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಕೋಣಗಳಿಗೆ ಹಿಂಸೆಯಾಗದಂತೆ ಹಾಕಿದ ನಿಯಮಗಳನ್ನು ಪಾಲಿಸಿಯೇ ಕಂಬಳ ನಡೆಯಬೇಕು, ಆ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇನ್ನೂ ಒಂದು ಮಾತು: ಇಲ್ಲಿ ಬಾಗಿಲು ತೆರೆಯಿತು, ಸರಿ. ಬೀಗದ ಕೈ ಇದ್ದದ್ದು ದೆಹಲಿಯಲ್ಲಿ. ಶಿಕ್ಷಣವೂ ಅರಣ್ಯವೂ ಮೊದಲು ರಾಜ್ಯ ಪಟ್ಟಿಯಲ್ಲೇ ಇದ್ದವು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯಲ್ಲಿ, ಅವನ್ನು ಸಮವರ್ತಿ ಪಟ್ಟಿಗೆ ಒಯ್ದರು.

ಬ್ಯಾಂಕುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದನ್ನು ಮಾತಾಡುವಾಗ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ. 1906ರಿಂದ 1931ರ ನಡುವೆ ಮಂಗಳೂರು, ಉಡುಪಿ ಈ ಎರಡು ಪೇಟೆಗಳಲ್ಲಿ ಹುಟ್ಟಿದ ಬ್ಯಾಂಕುಗಳ ಪೈಕಿ ವಿಜಯಾ 2019ರಲ್ಲಿ, ಕಾರ್ಪೊರೇಶನ್ ಮತ್ತು ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಬ್ಯಾಂಕಿಂಗ್ ಕೇಂದ್ರ ಪಟ್ಟಿಯ 45ನೇ ನಮೂದು. ನಮ್ಮ ವಿಧಾನಸಭೆ ಬೇಡವೆಂದಿದ್ದರೂ ಅದು ಬರೀ ಅಭಿಪ್ರಾಯ. ಪಟ್ಟಿ ಎಂದರೆ ಕಾಗದದ ವಿಷಯ ಎಂದುಕೊಂಡಿದ್ದವರು ಬೋರ್ಡು ಇಳಿಸುವ ದಿನ ಶಾಖೆಯ ಮುಂದೆ ನಿಂತು ನೋಡಿದರು.

ಹಣದ ವಿಷಯದಲ್ಲಿ ನಾವು ಸ್ವಲ್ಪ ಪ್ರಾಮಾಣಿಕರಾಗಬೇಕು. ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು 15ನೆಯದರಲ್ಲಿ ಶೇ. 3.647ಕ್ಕೆ ಇಳಿಯಿತು. ತಲಾ ಆದಾಯ ಹೆಚ್ಚಿರುವ ರಾಜ್ಯಕ್ಕೆ ಕಡಿಮೆ ಸಿಗುವಂತೆ ಸೂತ್ರ ಮಾಡಿದ್ದಾರೆ. ಇದನ್ನು ಅನ್ಯಾಯ ಎಂದು ಒಂದೇ ಉಸಿರಿನಲ್ಲಿ ಹೇಳುವವರಿಗೆ ನನ್ನ ಪ್ರಶ್ನೆ: ಕರ್ನಾಟಕದೊಳಗೆ ದಕ್ಷಿಣ ಕನ್ನಡ ಮುಂದಿರುವ ಜಿಲ್ಲೆ. ರಾಯಚೂರು, ಯಾದಗಿರಿಯಂಥ ಹಿಂದುಳಿದ ಜಿಲ್ಲೆಗಳಿಗೆಂದೇ ವಿಶೇಷ ಸವಲತ್ತಿನ 371ಜೆ ವಿಧಿ ಬಂದಾಗ ನಾವು ಅದನ್ನು ಸರಿ ಎಂದೆವಲ್ಲ? ಹಿಂದುಳಿದವರಿಗೆ ಹೆಚ್ಚು ಕೊಡುವುದು ಸರಿಯಾದದ್ದು, ಬೆಂಗಳೂರಿನಿಂದ ಯಾದಗಿರಿಗೂ ಸರಿ, ಇಲ್ಲಿಂದ ಬಿಹಾರಕ್ಕೂ ಸರಿ. ನನ್ನ ತಕರಾರು ಬೇರೆ ಕಡೆ. ಸೆಸ್ ಮತ್ತು ಸರ್ಚಾರ್ಜ್ ಎಂದು ಹೆಸರಿಟ್ಟು ಎತ್ತಿದ ಹಣವನ್ನು ರಾಜ್ಯಗಳೊಂದಿಗೆ ಹಂಚಬೇಕಾಗಿಲ್ಲ. 270ನೇ ವಿಧಿಯೇ ಅದನ್ನು ಹೊರಗಿಟ್ಟಿದೆ. ತೆರಿಗೆಯ ಹೆಸರು ಬದಲಿಸಿದ ಮಾತ್ರಕ್ಕೆ ಪಾಲು ಕೊಡುವ ಹೊಣೆ ತಪ್ಪುತ್ತದೆ ಎಂದಾದರೆ ಹಂಚಿಕೆಯ ಮಾತಿಗೆ ಏನು ಬೆಲೆ?

ಕೊನೆಗೆ ನಮ್ಮ ಮನೆಯ ವಿಷಯ. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಕರ್ನಾಟಕ 1983ರಲ್ಲೇ ಜಿಲ್ಲಾ ಪರಿಷತ್ತಿನ ಕಾನೂನು ಮಾಡಿತು. ದೇಶಕ್ಕೆಲ್ಲ ಪಂಚಾಯಿತಿ ಕಡ್ಡಾಯ ಮಾಡಿದ 73ನೇ ತಿದ್ದುಪಡಿ ಬಂದದ್ದು ಅದಾದ ಹತ್ತು ವರ್ಷಕ್ಕೆ. ಪಂಚಾಯಿತಿಯ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷದ ಮೇಲೆ ವರ್ಷ ಅಧಿಕಾರಿಗಳೇ ನಡೆಸಿದರು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಕಾರಣಗಳಿಗೆ ಕೊರತೆಯಾಗಲಿಲ್ಲ. ಬೇರೆ ಬೇರೆ ಪಕ್ಷಗಳು ಅಧಿಕಾರಕ್ಕೆ ಬಂದು ಹೋದವು, ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ ಥರ ನಡೆದುಕೊಂಡರು. ದೆಹಲಿ ನಮ್ಮ ಅಧಿಕಾರ ಕಸಿಯುತ್ತದೆ ಎಂದು ವಿಧಾನಸೌಧದಲ್ಲಿ ಮಾತಾಡಿದವರೇ ಜಿಲ್ಲೆಯ ಅಧಿಕಾರವನ್ನು ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ನೇತ್ರಾವತಿಯ ಮೂಲದ ಎತ್ತಿನಹೊಳೆ ನೀರು ಪೂರ್ವಕ್ಕೆ ಹೋಗಬೇಕೆ ಎಂದು ನಾವಿಲ್ಲಿ ಜಗಳವಾಡಿದೆವಲ್ಲ, ಆಗ ಒಂದು ಜಿಲ್ಲೆಯಾಗಿ ತಕರಾರು ದಾಖಲಿಸಲು ಸಂವಿಧಾನದಲ್ಲಿ ನಮಗಿದ್ದ ಜಾಗ ಎಷ್ಟು ಸಣ್ಣದು ಎಂದು ಗೊತ್ತಾಯಿತು. ಅಂತರರಾಜ್ಯ ನದಿಯಾಗಿದ್ದರೆ ನ್ಯಾಯಮಂಡಳಿ ಉಂಟು. ರಾಜ್ಯದೊಳಗೇ ಹರಿಯುವ ಹೊಳೆಗೆ ಅದೂ ಇಲ್ಲ. ಇರುವ ಸಣ್ಣ ಜಾಗ ಜಿಲ್ಲಾ ಪಂಚಾಯಿತಿ. ಅದರ ಸಭಾಂಗಣವನ್ನೂ ಖಾಲಿ ಇಟ್ಟರು.

ಮಾತು ಮುಗಿದ ಮೇಲೆ ಉಳ್ಳಾಲದ ಕಡೆಯ ತಾಯಿಯೊಬ್ಬರು ಎದ್ದು ಕೇಳಿದರು: “ನಮ್ಮ ಮನೆ ಕಡಲ ಬದಿಯಲ್ಲುಂಟು. ರಿಪೇರಿಗೆ ಪಂಚಾಯಿತಿಗೆ ಹೋದರೆ ಸಿಆರ್‌ಝಡ್ ಅಂತಾರೆ. ಭೂಮಿ ರಾಜ್ಯದ್ದು ಅಂತ ನೀವು ಹೇಳಿದ್ರಿ. ಮತ್ತೆ ದೆಹಲಿ ಕಾನೂನು ನಮ್ಮ ಅಂಗಳಕ್ಕೆ ಹೇಗೆ ಬಂತು ಮಾರ್ರೆ?” ಸಿಆರ್‌ಝಡ್ ಎಂದರೆ ಕಡಲ ಬದಿಯ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ. ಒಳ್ಳೆಯ ಪ್ರಶ್ನೆ. 253ನೇ ವಿಧಿಯಿಂದ ಬಂತಮ್ಮ, ಎಂದೆ. ಅಂತರರಾಷ್ಟ್ರೀಯ ಸಭೆಗಳಲ್ಲಿ ಒಪ್ಪಿಕೊಂಡದ್ದನ್ನು ಜಾರಿಗೆ ತರಲು ಸಂಸತ್ತು ಯಾವ ವಿಷಯದ ಮೇಲೂ ಕಾನೂನು ಮಾಡಬಹುದು, ಅದು ರಾಜ್ಯ ಪಟ್ಟಿಯಲ್ಲಿದ್ದರೂ ಸರಿ. 1972ರ ಸ್ಟಾಕ್‌ಹೋಮ್ ಸಮ್ಮೇಳನವನ್ನು ಮುಂದಿಟ್ಟು 1986ರ ಪರಿಸರ ಕಾಯ್ದೆ ಬಂತು, ಅದರಡಿ 1991ರಲ್ಲಿ ಮೊದಲ ಸಿಆರ್‌ಝಡ್ ಅಧಿಸೂಚನೆ. ಆದರೆ ಕರಾವಳಿಯ ನಕ್ಷೆ ತಯಾರಿಸುವುದು ರಾಜ್ಯವೇ, ಅದರ ಮೇಲೆ ಸಾರ್ವಜನಿಕ ಅಹವಾಲು ಕೇಳಲೇಬೇಕು. ನಿಮ್ಮ ಮನೆ ಆ ನಕ್ಷೆಯಲ್ಲಿ ಯಾವ ವಲಯದಲ್ಲಿ ಬಿದ್ದಿದೆ ಎಂಬುದನ್ನು ಮೊದಲು ನೋಡಿ, ಇಲ್ಲಿರುವ ವಿದ್ಯಾರ್ಥಿಗಳು ಅದಕ್ಕೆ ಸಹಾಯ ಮಾಡುತ್ತಾರೆ ಎಂದೆ. ಇಬ್ಬರು ಹುಡುಗಿಯರು ಅಲ್ಲೇ ಎದ್ದು ಹೋಗಿ ಅವರ ಪಕ್ಕ ಕುಳಿತರು.

ಎರಡನೆಯದು ತುಳುವಿನ ಪ್ರಶ್ನೆ. ಬರದೇ ಇರುವುದುಂಟೆ? 2011ರ ಜನಗಣತಿಯಲ್ಲಿ 18 ಲಕ್ಷಕ್ಕಿಂತ ಹೆಚ್ಚು ಜನ ತುಳುವನ್ನು ತಮ್ಮ ಮಾತೃಭಾಷೆ ಎಂದು ಬರೆಸಿದ್ದಾರೆ, ಕೊಂಕಣಿ 1992ರಲ್ಲೇ ಸಂವಿಧಾನದ ಭಾಷೆಗಳ ಪಟ್ಟಿಯಾದ 8ನೇ ಪರಿಚ್ಛೇದ ಸೇರಿತು, ನಮ್ಮದು ಯಾವಾಗ ಎಂದು ಒಬ್ಬ ಹುಡುಗ ಕೇಳಿದ. ಆ ಬಾಗಿಲು ದೆಹಲಿಯಲ್ಲಿದೆ, ಅದಕ್ಕೆ ಸಂವಿಧಾನ ತಿದ್ದುಪಡಿಯೇ ಬೇಕು. ಆದರೆ 345ನೇ ವಿಧಿಯ ಬಾಗಿಲು ಬೆಂಗಳೂರಿನಲ್ಲಿದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯನ್ನು, ಒಂದಕ್ಕಿಂತ ಹೆಚ್ಚನ್ನೂ, ಆಡಳಿತ ಭಾಷೆ ಮಾಡುವ ಅಧಿಕಾರ ನಮ್ಮ ಶಾಸನಸಭೆಗೇ ಉಂಟು. 1963ರ ರಾಜ್ಯದ ಆಡಳಿತ ಭಾಷಾ ಕಾಯ್ದೆಗೆ ಒಂದು ತಿದ್ದುಪಡಿ ಸಾಕು. ದಕ್ಷಿಣ ಕನ್ನಡದಿಂದ 8, ಉಡುಪಿಯಿಂದ 5, ಒಟ್ಟು 13 ಶಾಸಕರು ನಮಗಿದ್ದಾರೆ. ದೆಹಲಿಗೆ ಬರೆಯುವ ಪತ್ರವನ್ನು ನಿಲ್ಲಿಸಬೇಡ, ಅದರ ಜೊತೆಗೆ ಈ 13 ಮಂದಿಗೂ ಒಂದೊಂದು ಬರೆ, 345ನೇ ವಿಧಿ ಎಂದು ಮೊದಲ ಸಾಲಿನಲ್ಲೇ ಬರೆ ಎಂದೆ. ಅವನು ಕೈಯ ಮೇಲೆಯೇ ಪೆನ್ನಿನಿಂದ ಸಂಖ್ಯೆ ಬರೆದುಕೊಂಡ.